ಬ್ರೂನೋ ಮಾಡಿದ ಸೈಡ್‌ಬೋರ್ಡ್

ದೆವ್ವ, ಭೂತ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಕಳೆದುಹೋದ ಪತ್ರ ಎಲ್ಲಿದೆ ಎಂದು ಹೇಳುವುದು, ಇಂಥದ್ದನ್ನೆಲ್ಲ ಯಾರಾದರೂ ನನ್ನ ಮುಂದೆ ಶುರು ಮಾಡಿದರೆ ಅರ್ಧಕ್ಕೇ ತಡೆದು ಅವರನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ. ಅದರಲ್ಲಿ ನನಗೊಂದು ಕೆಟ್ಟ ಖುಷಿಯಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಾನು ಅರಿವಳಿಕೆ ವೈದ್ಯ. ದಿನಕ್ಕೆ ಐದಾರು ಜನರ ಎಚ್ಚರ ತಪ್ಪಿಸಿ, ಆಪರೇಷನ್ ಮುಗಿದ ಮೇಲೆ ಅವರನ್ನು ಮತ್ತೆ ಎಚ್ಚರಕ್ಕೆ ತರುವುದು ನನ್ನ ಕೆಲಸ. ಮದ್ದು ಇಳಿಯುವ ಹೊತ್ತಿನಲ್ಲಿ ಜನ ಏನೇನು ನೋಡುತ್ತಾರೆ, ಏನೇನು ಬಡಬಡಿಸುತ್ತಾರೆ ಎಂಬುದನ್ನು ಇಪ್ಪತ್ತು ವರ್ಷಗಳಿಂದ ಹತ್ತಿರದಲ್ಲೇ ನಿಂತು ಕೇಳಿದ್ದೇನೆ. ಆದ್ದರಿಂದ ಮುಂದೆ ಹೇಳಲಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇಷ್ಟು ಹೊತ್ತಿಗೆ ನಕ್ಕು ಎದ್ದು ಹೋಗಿರುತ್ತಿದ್ದೆ.

ಆಸ್ಟ್ರೇಲಿಯಾದಲ್ಲಿ ನಾವು ಅಡಿಲೇಡ್ ಬಿಟ್ಟು ಪರ್ತ್‌ಗೆ ಬಂದು ಎರಡನೆಯ ವರ್ಷ. ಹೊಸ ಮನೆಯ ಊಟದ ಕೋಣೆಯಲ್ಲಿ ಒಂದು ಗೋಡೆ ಬೋಳಾಗಿತ್ತು. ಆ ಗೋಡೆ ನನ್ನ ಕಣ್ಣಿಗೆ ಬರೀ ಗೋಡೆ, ನನ್ನ ಹೆಂಡತಿ ಭಾರತಿಯ ಕಣ್ಣಿಗೆ ಮಾತ್ರ ದೊಡ್ಡ ಅವಮಾನ. ಅಲ್ಲಿಗೊಂದು ಸೈಡ್‌ಬೋರ್ಡ್ ಬೇಕು ಎಂದು ಹಟ ಹಿಡಿದಿದ್ದಳು. ಸೈಡ್‌ಬೋರ್ಡ್ ಎಂದರೆ ತಟ್ಟೆ ಲೋಟ ಚಮಚ ಇಡುವುದಕ್ಕೆ ಗೋಡೆಗೆ ಒರಗಿಸಿ ನಿಲ್ಲಿಸುವ, ಸೊಂಟದೆತ್ತರದ ಉದ್ದನೆಯ ಮರದ ಬೀರು. ಹೊಸದನ್ನು ಅಂಗಡಿಯಿಂದ ತರೋಣವೆಂದರೆ "ಅದು ಮರ ಅಲ್ಲ ರೀ, ಹೊಟ್ಟಿಗೆ ಅಂಟು ಹಾಕಿ ಒತ್ತಿರೋದು" ಎಂದು ಮೂಗು ಮುರಿಯುತ್ತಿದ್ದಳು. ರಾತ್ರಿ ಹಗಲು ಫೋನಿನಲ್ಲಿ ಹಳೆಯ ಸಾಮಾನುಗಳ ಜಾಹೀರಾತು ನೋಡುವುದೇ ಅವಳ ಕೆಲಸವಾಯಿತು.

ಕೊನೆಗೆ ಒಂದು ಸಿಕ್ಕಿತು. ಕಳೆದ ಶತಮಾನದ ಐವತ್ತರ ದಶಕದಲ್ಲಿ ಇಟಲಿಯಲ್ಲಿ ಮಾಡಿದ್ದು, ವಾಲ್‌ನಟ್ ಮರ, ಒಬ್ಬರದೇ ಮನೆಯಲ್ಲಿದ್ದದ್ದು, ಮಾರಾಟಕ್ಕಿದೆ, ನೋಡುವವರು ಶನಿವಾರ ಆರ್ವೋ ಬರಬಹುದು ಎಂದಿತ್ತು. ಇಲ್ಲಿಯವರಿಗೆ ಮಧ್ಯಾಹ್ನ ಎಂದರೆ ಆರ್ವೋ. ಇರುವ ಒಂದು ರಜೆಯ ಮಧ್ಯಾಹ್ನದ ನಿದ್ದೆ ಹಾಳಾಯಿತೆಂದು ಗೊಣಗುತ್ತಲೇ ಕಾರು ತೆಗೆದೆ.

ಮನೆ ಸ್ವಾನ್ ವ್ಯಾಲಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ. ಬಾಗಿಲು ತೆರೆದವರು ಎಂಬತ್ತು ದಾಟಿದ ಅಜ್ಜಿ, ಹೆಸರು ಲೀನಾ. ಗಿಡ್ಡ ಆಳು, ಸೊಂಟಕ್ಕೆ ಏಪ್ರನ್, ನೆಟ್ಟಗೆ ನೋಡುವ ಕಣ್ಣು. ಅರುವತ್ತು ವರ್ಷ ಇಲ್ಲೇ ಇದ್ದರೂ ಅವರ ಇಂಗ್ಲಿಷಿನಲ್ಲಿ ಇಟಲಿಯೇ ಜಾಸ್ತಿ, ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಳಗೆ ಕರೆದುಕೊಂಡು ಹೋಗಿ, ಬೀರಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದರು.

ಸತ್ಯ ಹೇಳಬೇಕು, ನನ್ನ ಗೊಣಗಾಟ ಅಲ್ಲಿಗೆ ನಿಂತುಹೋಯಿತು. ಏಳಡಿ ಉದ್ದದ ಬೀರು ಅಷ್ಟು ತೆಳ್ಳನೆಯ ಕಾಲುಗಳ ಮೇಲೆ ಅಷ್ಟು ಹಗುರವಾಗಿ ಹೇಗೆ ನಿಂತಿದೆಯಪ್ಪಾ ಎನ್ನಿಸಿತು. ಒಂದೇ ದಿಮ್ಮಿಯಿಂದ ಸೀಳಿದ ಹಲಗೆಗಳನ್ನು ಪುಸ್ತಕ ಬಿಡಿಸಿದ ಹಾಗೆ ಎದುರುಬದುರು ಜೋಡಿಸಿದ್ದರಿಂದ ನಾಲ್ಕು ಬಾಗಿಲುಗಳ ಮೇಲೂ ಮರದ ಗೆರೆಗಳು ಒಂದರಿಂದ ಒಂದಕ್ಕೆ ಹರಿದು ಹೋಗಿದ್ದವು. ಎಲ್ಲೂ ಒಂದು ಮೊಳೆ ಕಾಣಿಸಲಿಲ್ಲ. ಬಾಗಿಲು ಮುಚ್ಚಿದರೆ ಸದ್ದಿಲ್ಲ. ಒಳಗಿನ ಹಲಗೆಗಳಿಗೂ, ಯಾರೂ ಬಗ್ಗಿ ನೋಡದ ಹಿಂಭಾಗಕ್ಕೂ ಮುಂಭಾಗಕ್ಕೆ ಮಾಡಿದಷ್ಟೇ ನುಣುಪು ಕೆಲಸ. ನನಗೆ ಕೈಕೆಲಸ ಗೊತ್ತಿರುವವರ ಮೇಲೆ ಮೊದಲಿನಿಂದಲೂ ಗೌರವ. ನಮ್ಮ ಆಪರೇಷನ್ ಥಿಯೇಟರಿನಲ್ಲೂ ಚೆನ್ನಾಗಿ ಹೊಲಿಗೆ ಹಾಕುವ ಸರ್ಜನ್ ಕಂಡರೆ ಸುಮ್ಮನೆ ನೋಡುತ್ತ ನಿಲ್ಲುತ್ತೇನೆ, ಇಲ್ಲೂ ಹಾಗೇ ನಿಂತೆ.

ಭಾರತಿಯಂತೂ ಎರಡು ಕೈಯನ್ನೂ ಮರದ ಮೇಲಿಟ್ಟು, "ರೀ, ಬಣ್ಣ ನೋಡ್ರೀ! ಬೆಲ್ಲ! ಥೇಟ್ ಹಳೇ ಬೆಲ್ಲ!" ಎಂದು ಕೂಗಿಬಿಟ್ಟಳು.

ಲೀನಾ ಅವರ ಮುಖ ಅರಳಿತು. "ಬೆಲ್ಲಾ! ಸೀ, ಸೀ, ಬೆಲ್ಲಾ!" ಎಂದು ಅವರೂ ಕೂಗಿ ಭಾರತಿಯ ಕೆನ್ನೆ ಹಿಂಡಿದರು. ಇಟಲಿಯ ಭಾಷೆಯಲ್ಲಿ ಸೀ ಎಂದರೆ ಹೌದು, ಬೆಲ್ಲಾ ಎಂದರೆ ಸುಂದರಿ. ಇವಳು ಮಂಡ್ಯದ ಅಚ್ಚು ಬೆಲ್ಲದ ಮಾತಾಡುತ್ತಿದ್ದಾಳೆ, ಅವರು ತಮ್ಮ ಬೀರಿನ ಚೆಲುವಿನ ಮಾತೆಂದುಕೊಂಡಿದ್ದಾರೆ. ಇಬ್ಬರಿಗೂ ಖುಷಿಯಾಗಿದೆ, ಮಧ್ಯೆ ನಾನೇಕೆ ಹುಳಿ ಹಿಂಡಲಿ ಎಂದು ಸುಮ್ಮನಿದ್ದೆ. ಆಮೇಲೆ ಅವರು ನಮ್ಮನ್ನು ಗಿರಾಕಿಗಳ ಹಾಗೆ ನೋಡಲೇ ಇಲ್ಲ. ಕೂರಿಸಿ ಕಾಫಿ ಕೊಟ್ಟು ಆ ಬೀರಿನ ಕಥೆ ಹೇಳಿದರು.

ಅದನ್ನು ಮಾಡಿದವರು ಅವರ ಗಂಡ ಬ್ರೂನೋ. ಮಿಲಾನ್ ಹತ್ತಿರದ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ದಿನದ ಕೆಲಸ ಮುಗಿದ ಮೇಲೆ ಎರಡು ವರ್ಷ ಕೂತು, ಮದುವೆಯಾಗಲಿರುವ ಹುಡುಗಿಗಾಗಿ ಇದನ್ನು ಮಾಡಿದ್ದರಂತೆ. ಹಡಗಿನಲ್ಲಿ ಅವರ ಜೊತೆಗೇ ಆಸ್ಟ್ರೇಲಿಯಾಕ್ಕೆ ಬಂತು. ಅದರಲ್ಲೊಂದು ಗುಟ್ಟಿನ ಖಾನೆಯಿತ್ತು. ಪ್ರತಿ ವರ್ಷ ಹೆಂಡತಿಯ ಹುಟ್ಟುಹಬ್ಬಕ್ಕೆ ಮೊದಲೇ ಬ್ರೂನೋ ಅದರೊಳಗೆ ಏನಾದರೂ ಇಡುತ್ತಿದ್ದರು. ಆ ದಿನ ಬೆಳಿಗ್ಗೆ ಹೆಂಡತಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಖಾನೆ ತೆರೆಯುತ್ತಿದ್ದರು. ಒಂದು ವರ್ಷ ಕಿವಿಯೋಲೆ, ಇನ್ನೊಂದು ವರ್ಷ ಹಿತ್ತಲ ಗಿಡದ ಮೊದಲ ನಿಂಬೆಹಣ್ಣು, ಕೈ ಬಿಗಿಯಾಗಿದ್ದ ವರ್ಷಗಳಲ್ಲಿ ಬರೀ ಒಂದು ಚೀಟಿ. ಹೇಗೆ ತೆರೆಯುವುದೆಂದು ಎಷ್ಟು ಕೇಳಿದರೂ ಹೇಳಿಕೊಡಲಿಲ್ಲ. "ಆಮೇಲೆ, ಆಮೇಲೆ" ಎನ್ನುತ್ತಿದ್ದರಂತೆ.

ಆರು ವರ್ಷದ ಹಿಂದೆ, ಲೀನಾ ಅವರ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಇರುವಾಗ ಬ್ರೂನೋಗೆ ಸ್ಟ್ರೋಕ್ ಆಯಿತು. ಮಾತು ಹೋಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಆ ವರ್ಷದ ಉಡುಗೊರೆಯನ್ನು ಅವರು ಆಗಲೇ ಇಟ್ಟಿದ್ದರು. ಹಿಂದಿನ ವಾರವೇ ಬೀರಿನ ಮುಂದೆ ಕೂತು ಗುನುಗುತ್ತಿದ್ದದ್ದನ್ನು ಲೀನಾ ಕೇಳಿಸಿಕೊಂಡಿದ್ದರು. ಅಂದಿನಿಂದ ಆ ಖಾನೆ ಮುಚ್ಚಿಯೇ ಇತ್ತು. ಅವರ ಮಗಳು ಒಬ್ಬ ಮರಗೆಲಸದವನನ್ನು ಕರೆಸಿದ್ದಳು. ಕೊಯ್ಯದೆ ಆಗುವುದಿಲ್ಲ ಎಂದನಂತೆ. "ಅವರು ಎರಡು ವರ್ಷ ಕೂತು ಮಾಡಿದ್ದಕ್ಕೆ ನಾನು ಗರಗಸ ಹಾಕಿಸಲಾ?" ಎಂದು ಲೀನಾ ನನ್ನನ್ನೇ ಕೇಳಿದರು. ಈಗ ಅಡಿಲೇಡ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಮಗಳದು ಸಣ್ಣ ಮನೆ, ಇದಕ್ಕೆ ಅಲ್ಲಿ ಜಾಗವಿಲ್ಲ. ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಹಳೆಯ ಪೀಠೋಪಕರಣದ ಅಂಗಡಿ ಇಟ್ಟಿರುವ ಒಬ್ಬ ವ್ಯಾಪಾರಿ ಲಾರಿ ಕಳಿಸುತ್ತೇನೆ ಎಂದು ದಿನಾ ಫೋನ್ ಮಾಡುತ್ತಿದ್ದಾನೆ, ಆದರೆ ಬ್ರೂನೋ ಕೊನೆಯದಾಗಿ ಕೊಟ್ಟದ್ದು ಏನೆಂದು ಗೊತ್ತಾಗದೆ ಅದು ಅಷ್ಟು ದೂರ ಹೋಗಿ ಅಂಗಡಿಯಲ್ಲಿ ನಿಲ್ಲುವುದು ತನಗೆ ಇಷ್ಟವಿಲ್ಲ, ಮನೆ ಮಂದಿ ಬಳಸುವಂಥ ಕಡೆಗೆ ಹೋದರೆ ಎಂದಾದರೂ ತೆರೆದೀತು, ತೆರೆದ ದಿನ ಒಂದು ಫೋನ್ ಮಾಡುತ್ತಾರೆ ಎಂದರು. ಭಾರತಿ ಕಣ್ಣೊರೆಸಿಕೊಂಡಳು.

ಆದರೆ ಟೇಪು ಹಿಡಿದು ಅಳೆದರೆ ನಮ್ಮ ಗೋಡೆಗಿಂತ ಬೀರು ನಾಲ್ಕು ಅಂಗುಲ ಉದ್ದ. ಮನೆಯಲ್ಲಿ ಮತ್ತೊಮ್ಮೆ ಅಳೆದು ನೋಡಬೇಕು ಎಂದುಕೊಂಡು ಎದ್ದೆವು. ಹೊರಡುವಾಗ ನಾನು ಬಾಗಿಲಲ್ಲಿ ನಿಂತು, ನಮ್ಮ ಮನೆಗಳಲ್ಲಿ ಯಾರಿಗಾದರೂ ಹೇಳುವ ಹಾಗೆ, "ವಿ ವಿಲ್ ಗೋ ಅಂಡ್ ಕಮ್" ಎಂದೆ. ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ತಲೆಯಾಡಿಸಿದರು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮನೆಯ ಗೋಡೆಯೇನೂ ಬೆಳೆದಿರಲಿಲ್ಲ. ಭಾರತಿ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದು ಆಮೇಲೆ ಸರಿಹೋದಳು. ನನಗೆ ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಾಗಿ ಆ ವಿಷಯವೇ ಮರೆತುಹೋಯಿತು. ಮೂರನೆಯ ವಾರ ಲೀನಾ ಅವರ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಡಾಕ್ಟರ್, ಹೋಗಿ ಬರುತ್ತೇವೆ ಎಂದಿರಿ. ಹೋದಿರಿ. ಯಾವಾಗ ಬರುತ್ತೀರಿ? ಬ್ರಿಸ್ಬೇನ್‌ನವನಿಗೆ ಎರಡು ಸಲ ಲಾರಿ ಬೇಡವೆಂದೆ, ಇದನ್ನು ಕೇಳಿದವರಿದ್ದಾರೆ ಎಂದು ಹೇಳಿ. ಮುಂದಿನ ವಾರ ನಾನು ಮನೆ ಖಾಲಿ ಮಾಡಬೇಕು."

ನಾನು ಏನು ಹೇಳಿ ಬಂದಿದ್ದೆ ಎಂಬುದು ಆಗ ತಿಳಿಯಿತು. 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕು ಎಂದು ನಮ್ಮಮ್ಮ ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದ್ದರು. ಅದನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿದರೆ ಅದು ಮಾತು ಕೊಟ್ಟ ಹಾಗೆ ಕೇಳಿಸುತ್ತದೆ ಎಂದು ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ಊಟದ ಮೇಜಿನಲ್ಲಿ ವಿಷಯ ಹೇಳಿದಾಗ ಮಗಳು ಅನಘಾ ಕಣ್ಣು ಮೇಲೆತ್ತಿ, "ಡ್ಯಾಡ್, ಯೂ ಲಿಟರಲಿ ಸೆಡ್ ಯೂಡ್ ಕಮ್ ಬ್ಯಾಕ್" ಎಂದಳು. ಭಾರತಿ ಬೆಲ್ಲ ಹಾಕಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ, "ತಪ್ಪುಕಾಣಿಕೆ ಕೊಟ್ಟು ಕ್ಷಮೆ ಕೇಳಿ ಬರೋಣ ನಡೀರಿ" ಎಂದಳು. ಶನಿವಾರ ಮಧ್ಯಾಹ್ನ ಮತ್ತೆ ಹೊರಟೆವು.

ಅಜ್ಜಿಯ ಮನೆಯಲ್ಲಿ ಪೆಟ್ಟಿಗೆಗಳು ಕಟ್ಟಿ ನಿಂತಿದ್ದವು. ಕಿಟಕಿಯಿಂದ ಒಳ್ಳೆಯ ಬಿಸಿಲು ಬರುತ್ತಿತ್ತು. ನಾವು ಬಂದದ್ದು ಕೊಳ್ಳುವುದಕ್ಕೆ ಎಂದೇ ತಿಳಿದ ಲೀನಾ, ಭಾರತಿಯನ್ನು ತಬ್ಬಿಕೊಂಡು ಅಡುಗೆಮನೆಗೆ ಕರೆದೊಯ್ದರು. ನಾನೊಬ್ಬನೇ ಬೀರಿನ ಮುಂದೆ ನಿಂತಿದ್ದೆ. ಹೇಗೆ ಬಾಯಿ ಬಿಡಲಿ, ಯಾವ ಮುಖ ಇಟ್ಟುಕೊಂಡು ಬೇಡವೆನ್ನಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಖಾನೆಯ ಯೋಚನೆ ಸುತರಾಂ ಇರಲಿಲ್ಲ. ಇದನ್ನು ನೀವು ದಯವಿಟ್ಟು ಗಮನಿಸಬೇಕು.

ಆಗ ನನ್ನ ಬಲಗೈ ಬಲತುದಿಯ ಸಣ್ಣ ಡ್ರಾಯರಿನ ಹಿತ್ತಾಳೆ ಹಿಡಿಗೆ ಹೋಯಿತು. ಎರಡು ಬೆರಳಿನಿಂದ ಅದನ್ನು ಅರ್ಧ ಅಂಗುಲ ಎಳೆಯಿತು. ಹೆಬ್ಬೆರಳು ಡ್ರಾಯರಿನ ಕೆಳ ಅಂಚನ್ನು ಎರಡು ಸಲ ಸವರಿತು. ಆಮೇಲೆ ಅಂಗೈ ಮೇಲ್ಹಲಗೆಯನ್ನು ಮೆಲ್ಲಗೆ ಎರಡು ಬಾರಿ ತಟ್ಟಿತು. ಎಳೆದೆ, ಸವರಿದೆ, ತಟ್ಟಿದೆ ಎಂದು ಬರೆಯುವುದಕ್ಕೆ ನನಗೆ ಈಗಲೂ ಕೈ ಬರುವುದಿಲ್ಲ. ಆ ಕೈಗೆ ಅವಸರವಿರಲಿಲ್ಲ, ಹುಡುಕಾಟವಿರಲಿಲ್ಲ. ದಿನಾ ಮನೆಯ ಬಾಗಿಲಿನ ಚಿಲಕ ತೆಗೆಯುವಷ್ಟು ಸಲೀಸಾಗಿತ್ತು. 'ಟಕ್' ಎಂದಿತು. ನಡುವಿನ ಬಾಗಿಲುಗಳ ಕೆಳಗಿನ ಪಟ್ಟಿ, ಅದು ಬರೀ ಅಲಂಕಾರದ ಪಟ್ಟಿ ಎಂದುಕೊಂಡಿದ್ದೆ, ಅಂಗೈಯಗಲ ಮುಂದೆ ಬಂತು.

ಹಿಂದೆ ಕಪ್ಪುಗಳು ಗಲಗಲ ಎಂದವು. ಲೀನಾ ಕಾಫಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಖಾನೆಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು.

ಭಾರತಿ ಟ್ರೇ ತೆಗೆದುಕೊಂಡಳು. ಲೀನಾ ನೆಲದ ಮೇಲೆ ಕೂತು ಖಾನೆಯೊಳಗೆ ಕೈ ಹಾಕಿ ಮಡಿಸಿದ ಒಂದು ಕಾಗದ ಹೊರತೆಗೆದರು. ಬೇರೇನೂ ಇರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದರು, ಆಮೇಲೆ ಜೋರಾಗಿ ನಗಲು ಶುರು ಮಾಡಿದರು, ನಗುತ್ತಲೇ ಅಳಲು ಶುರು ಮಾಡಿದರು. ಕಾಗದದಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಕೈಯ ಮೂರು ಚಿತ್ರಗಳಿದ್ದವು. ಎರಡು ಬೆರಳು ಎಳೆಯುತ್ತಿರುವುದು, ಹೆಬ್ಬೆರಳು ಸವರುತ್ತಿರುವುದು, ಅಂಗೈ ತಟ್ಟುತ್ತಿರುವುದು. ಕೆಳಗೆ ಬರೆದಿದ್ದನ್ನು ಅವರು ನಮಗೆ ಹೀಗೆ ಹೇಳಿದರು: "ಲೀನಾ, ನನಗೆ ವಯಸ್ಸಾಯಿತು. ಈ ವರ್ಷದ ಉಡುಗೊರೆ ಈ ಗುಟ್ಟೇ. ಇನ್ನು ಮೇಲೆ ನೀನು ತೆರೆ, ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತೇನೆ."

ಆಮೇಲೆ ಲೀನಾ ಖಾನೆಯನ್ನು ಒಳಗೆ ತಳ್ಳಿ, ಇನ್ನೊಮ್ಮೆ ತೆರೆಯಿರಿ ಎಂದರು. ತೆರೆಯಲು ಹೋದೆ. ಆಗಲಿಲ್ಲ. ಚಿತ್ರ ಎದುರಿಗಿಟ್ಟುಕೊಂಡು ಹತ್ತು ಸಲ ಮಾಡಿದರೂ ಆಗಲಿಲ್ಲ, ಎಲ್ಲಿ ಎಷ್ಟು ಒತ್ತಬೇಕೆಂಬುದೇ ತಿಳಿಯಲಿಲ್ಲ. ಅಜ್ಜಿ ಐದಾರು ಸಲ ತಡಕಾಡಿ ಕೊನೆಗೆ ತಾವೇ ತೆರೆದರು. ಅವತ್ತೇ ಬ್ರಿಸ್ಬೇನ್‌ಗೂ ಅಡಿಲೇಡ್‌ಗೂ ಫೋನ್ ಮಾಡಿ, ಬೀರು ಮಾರುವುದಿಲ್ಲ, ಮಗಳ ಮನೆಯಲ್ಲಿ ಸೋಫಾ ಹೊರಗೆ ಹಾಕಿಯಾದರೂ ಇದಕ್ಕೆ ಜಾಗ ಮಾಡಬೇಕು ಎಂದುಬಿಟ್ಟರು. ನಾವು ಬೇಡವೆನ್ನುವ ಪ್ರಮೇಯವೇ ಬರಲಿಲ್ಲ. ಅದು ಈಗ ಅಡಿಲೇಡ್‌ನಲ್ಲಿದೆ. ಕಳೆದ ವರ್ಷ ಕೆಲಸದ ಮೇಲೆ ಹೋದಾಗ ನೋಡಿ ಬಂದೆ. ಅಷ್ಟು ಚೆಂದದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಂಬದವನಾದ್ದರಿಂದ ಕಾರಣ ಹುಡುಕಿದೆ. ಬೆನ್ನುಮೂಳೆಯ ಸಂದಿಗೆ ಸೂಜಿ ಇಳಿಸುವಾಗ ಕಣ್ಣಿಗೆ ಏನೂ ಕಾಣದು, ಬೆರಳಿಗೆ ತಿಳಿಯುವ ಸಣ್ಣ ವ್ಯತ್ಯಾಸವನ್ನೇ ನಂಬಿ ಕೆಲಸ ಮಾಡಬೇಕು. ಅಂಥ ಬೆರಳಿಗೆ ಮರದೊಳಗಿನ ಚಿಲಕ ಸಿಕ್ಕಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮೂರು ಜಾಗ, ಅದೇ ಕ್ರಮ, ಎರಡೆರಡು ಸಲ, ಮೊದಲ ಪ್ರಯತ್ನಕ್ಕೇ? ಬ್ರೂನೋ ಆಸ್ಪತ್ರೆಯಲ್ಲಿದ್ದಾಗ ಎಲ್ಲಾದರೂ ನೋಡಿದ್ದೆನೇ ಎಂದುಕೊಂಡರೆ, ಆಗ ನಾವು ಅಡಿಲೇಡ್‌ನಲ್ಲಿದ್ದೆವು, ಪರ್ತ್‌ಗೆ ಒಮ್ಮೆಯೂ ಬಂದಿರಲಿಲ್ಲ. ನಮ್ಮ ಕನ್ನಡದ ಗೆಳೆಯರಲ್ಲಿ ಒಬ್ಬರು "ಯಾವುದೋ ಜನ್ಮದ ಋಣ ಸರ್" ಎಂದರು, ಇನ್ನೊಬ್ಬರು "ಲಕ್ ಹೊಡೀತು ಬಿಡಿ" ಎಂದರು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ.

ಇಷ್ಟನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳದೆ ಉಳಿದದ್ದು ಒಂದಿದೆ.

ಅವತ್ತು ಭಾರತಿ ಕಪ್ಪು ತೊಳೆಯಲು ಒಳಗೆ ಹೋದಾಗ, ಲೀನಾ ನನ್ನ ಪಕ್ಕ ಕೂತು ತಮ್ಮ ತೊಡೆಯ ಮೇಲಿನ ಏಪ್ರನ್ನನ್ನು ಎರಡು ಬೆರಳಿನಿಂದ ಎಳೆದರು, ಹೆಬ್ಬೆರಳಿನಿಂದ ಎರಡು ಸಲ ಸವರಿದರು, ಅಂಗೈಯಿಂದ ಎರಡು ಸಲ ತಟ್ಟಿದರು. "ಮೂರು ತಿಂಗಳು ಹಾಸಿಗೆಯ ಮೇಲೆ ಹೀಗೇ ಮಾಡುತ್ತಿದ್ದರು. ಹೀಗೇ, ನೀವು ಈಗ ಮಾಡಿದ ಹಾಗೇ. ಕಾಯಿಲೆಗೆ ಕೈ ನಡುಗುತ್ತದೆ ಎಂದು ಎಲ್ಲರೂ ಹೇಳಿದರು. ಸುಸ್ತಾಗುತ್ತಾರೆ ಎಂದು ನಾನು ಎರಡು ಕೈಯಿಂದ ಅವರ ಕೈಯನ್ನು ಒತ್ತಿ ಹಿಡಿದುಬಿಡುತ್ತಿದ್ದೆ, ಅಲ್ಲಾಡದ ಹಾಗೆ. ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ನೋವಿಗೆ ಎಂದುಕೊಂಡೆ." ಆಮೇಲೆ ನನ್ನ ಮುಖ ನೋಡಿದರು. "ನೀವು ಡಾಕ್ಟರ್. ನನಗೆ ನಿಜ ಹೇಳಿ. ಬ್ರೂನೋಗೆ ನನ್ನ ಮೇಲೆ ಸಿಟ್ಟು ಬಂದಿತ್ತಾ?"

ನನಗೆ ಗೊತ್ತಿಲ್ಲದ್ದನ್ನು ರೋಗಿಯ ಮನೆಯವರಿಗೆ ನಾನು ಎಂದೂ ಹೇಳಿದವನಲ್ಲ. ಸಮಾಧಾನಕ್ಕೆಂದು ಕೂಡ ಇಲ್ಲ. ಅದಕ್ಕಾಗಿ ಬೈಸಿಕೊಂಡಿದ್ದೇನೆ. 'ಗೊತ್ತಿಲ್ಲಮ್ಮಾ' ಎನ್ನುವುದಕ್ಕೆ ಬಾಯಿ ತೆರೆದೆ.

"ಇಲ್ಲ," ಎಂದೆ. "ನಿಮ್ಮ ಕೈ ಬೆಚ್ಚಗಿತ್ತು. ಕೈ ತೆಗೆಯಬೇಡ ಎಂದು ಹೇಳುವುದಕ್ಕೆ ಆಗದೆ ಅತ್ತರು."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಅದು ಸಮಾಧಾನದ ಮಾತಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಹೇಳಿದ ಆ ಗಳಿಗೆಯಲ್ಲಿ ಅದು ನನಗೆ ನನ್ನ ಹೆಸರು ಗೊತ್ತಿರುವಷ್ಟೇ ಖಚಿತವಾಗಿ ಗೊತ್ತಿತ್ತು, ಒತ್ತಿ ಹಿಡಿದ ಆ ಕೈಗಳ ಬಿಸಿ ನನ್ನ ಬಲಗೈ ಮೇಲಿತ್ತು. ಭಾರತಿ ಒಳಗಿನಿಂದ ಬರುವಷ್ಟರಲ್ಲಿ ಎರಡೂ ಹೋಗಿದ್ದವು. ಹೇಗೆ ಗೊತ್ತಾಯಿತು ಎಂದು ನೀವು ಕೇಳಿದರೆ, ನನಗೆ ಗೊತ್ತಿಲ್ಲ.